ಎಂಟು ಹೆಸರು, ಒಂದೇ ನಂಬರು

ಕೊಡಿಗೇಹಳ್ಳಿ
23-5-2021, ಭಾನುವಾರ

ಪ್ರೀತಿಯ ಅಪ್ಪಾ,

ನಿಮ್ಮ ಶುಗರ್ ಎಷ್ಟಿದೆ? ಅಮ್ಮನನ್ನು ಕೇಳಿದರೆ ನಾನು ಪ್ರಶ್ನೆ ಮುಗಿಸುವ ಮೊದಲೇ "ಎಲ್ಲಾ ನಾರ್ಮಲ್ ಕಣೇ, ನೀನು ಹುಷಾರು" ಅಂತಾಳೆ. ಅಷ್ಟು ಬೇಗ ಬರುವ ಉತ್ತರವನ್ನು ಈಗೀಗ ನಾನು ಯಾರಿಂದ ಬಂದರೂ ನಂಬುವುದಿಲ್ಲ. ಮಿಷನ್ನಿನಲ್ಲಿ ತೋರಿಸಿದ್ದನ್ನು ನಿಮ್ಮ ಕೈಯಾರೆ ಬರೆದು ಕಳಿಸಿ. ಹಿಮ್ಮಡಿಯ ಗಾಯ ಒಣಗಿತೇ? ಚಪ್ಪಲಿ ಇಲ್ಲದೆ ಕೊಟ್ಟಿಗೆಗೆ ಹೋಗ್ತೀರಂತೆ, ಅದನ್ನೂ ಅಮ್ಮ ಬಾಯಿತಪ್ಪಿ ಹೇಳಿದ್ದು. ಫೋನ್ ಬಿಟ್ಟು ಕಾಗದ ಯಾಕೆ ಅಂದುಕೊಳ್ಳಬೇಡಿ. ನಿಮಗೆ ಕೇಳಿಸಬೇಕಾದರೆ ನಾನು ಕೂಗಬೇಕು, ಕೂಗಿದರೆ ಆಸ್ಪತ್ರೆಯವರು ನಮ್ಮನ್ನಿಟ್ಟಿರುವ ಈ ಲಾಡ್ಜಿನ ಮೂರು ಮಹಡಿಗೂ ಕೇಳಿಸುತ್ತೆ. ನಮ್ಮ ಆಂಬುಲೆನ್ಸ್ ಡ್ರೈವರ್ ಬಾಲರಾಜಣ್ಣನ ಮನೆ ಹೆಸರಘಟ್ಟದ ಕಡೆಗೇ, ಅವರ ಕೈಲಿ ಕಳಿಸ್ತಿದೀನಿ. ಕವರಿನ ಬಾಯಿಗೆ ಗಾಯಕ್ಕೆ ಹಾಕುವ ಪ್ಲಾಸ್ಟರ್ ಅಂಟಿಸಿದ್ದೇನೆ, ಅದು ಕಿತ್ತಂತಿದ್ದರೆ ತಿಳಿಸಿ. ಬಾಲರಾಜಣ್ಣ ಒಳ್ಳೆಯವರೇ. ಆದರೂ.

ನಿಮ್ಮ ಮಗಳು ಹೀಗೆ ಯಾವಾಗ ಆದಳು ಅಂತ ನಿಮಗೆ ಅನ್ನಿಸಬಹುದು. ಈ ಬೀದಿಯಲ್ಲಿ ಎರಡು ತಿಂಗಳಿದ್ದರೆ ಯಾರಾದರೂ ಆಗ್ತಾರೆ ಅಪ್ಪಾ. ಹೋದ ವರ್ಷ ನಮಗೋಸ್ಕರ ತಟ್ಟೆ ಬಡಿದ ಬೀದಿಯೇ ಇದು. ಈಗ ಬೇಕರಿಯವನು ನಮ್ಮ ಕಾಫಿಯನ್ನು ಕಾಂಪೌಂಡ್ ಗೋಡೆ ಮೇಲೆ ಇಟ್ಟು ಹಿಂದೆ ಸರಿದು ನಿಲ್ತಾನೆ. ಪಕ್ಕದ ಮನೆಯಾಕೆ ನಾವು ಟೆರೇಸಿನಲ್ಲಿ ಬಟ್ಟೆ ಒಣಗಿಸಿದರೆ ತಮ್ಮ ಕಿಟಕಿ ಹಾಕ್ಕೋತಾರೆ. ನಾನು ಅವರನ್ನು ಬಯ್ಯುವುದಿಲ್ಲ, ಅವರ ಮಾವ ಏಪ್ರಿಲ್‌ನಲ್ಲಿ ಬೆಡ್ ಸಿಗದೆ ತೀರಿಕೊಂಡರು. ನಾವು ಒಂದೇ ಮಹಡಿಯಲ್ಲಿ ಎಂಟು ಜನ ನರ್ಸುಗಳು. ಮೈಮುಚ್ಚುವ ಪಿಪಿಇ ಕಿಟ್ ಹಾಕಿಕೊಂಡ ಮೇಲೆ ಏಳು ಗಂಟೆ ನೀರು ಕುಡಿಯುವಂತಿಲ್ಲ, ಕುಡಿದರೆ ಬಾತ್‌ರೂಮಿಗೆ ಹೋಗಬೇಕು, ಹೋದರೆ ಆ ಕಿಟ್ ಬಿಸಾಡಬೇಕು. ತಿಂಗಳ ದಿನಗಳಲ್ಲೂ ಅದೇ ಗತಿ. ಮೂಗಿನ ಮೇಲೆ ಮಾಸ್ಕಿನ ಗಾಯ ಮಾಯುವಷ್ಟರಲ್ಲಿ ಮತ್ತೆ ಅದೇ ಜಾಗಕ್ಕೆ ಮಾಸ್ಕ್. ಇದನ್ನೆಲ್ಲ ಸಹಿಸಬಹುದು. ಸಹಿಸೋಕೆ ಆಗದೆ ಇದ್ದದ್ದು ಬೇರೆ.

ಹೋದ ತಿಂಗಳಿಂದ ಪ್ರತಿ ಸೋಮವಾರ ನಮ್ಮ ಮೂಗಿನಿಂದ ಸ್ಯಾಂಪಲ್ ತೆಗೀತಿದ್ರು. ಬುಧವಾರ ಆಡಳಿತ ನೋಡಿಕೊಳ್ಳುವ ನಾಗಭೂಷಣ ಸರ್ ಬಾಗಿಲಲ್ಲಿ ನಿಂತು "ಎಲ್ಲರದ್ದೂ ನೆಗೆಟಿವ್, ನಡೀರಮ್ಮ" ಅನ್ನೋರು. ಅಷ್ಟೇ. ರೋಗಿಗಳಿಗೆಲ್ಲ ಮೊಬೈಲಿಗೆ ಮೆಸೇಜ್ ಬರುತ್ತೆ, ನಮಗೆ ಬರಲಿಲ್ಲ. ಮೊದಲ ವಾರ ಲ್ಯಾಬ್‌ನವರಿಗೆ ಬಿಡುವಿಲ್ಲ ಅಂದುಕೊಂಡೆ. ಮೂರನೇ ವಾರ ತಲೆಯಲ್ಲಿ ಹುಳ ಹೊಕ್ಕಿತು. ನನಗೆ ಮೊದಲು ಅನುಮಾನ ಬಂದದ್ದು ನಮ್ಮ ಇನ್‌ಚಾರ್ಜ್ ಸರಳಾ ಸಿಸ್ಟರ್ ಮೇಲೆ. ಮಾಸ್ಕುಗಳನ್ನು ಬೀರುವಿನಲ್ಲಿ ಬೀಗ ಹಾಕಿಟ್ಟು ಕೀಲಿ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ರು. ನಮ್ಮ ಜೊತೆ ಊಟಕ್ಕೆ ಕೂರೋದನ್ನ ಬಿಟ್ಟಿದ್ರು. ನಾಗಭೂಷಣ ಸರ್ ಜೊತೆ ಮೆಟ್ಟಿಲ ಹತ್ತಿರ ನಿಂತು ಮಾತಾಡ್ತಾರೆ, ನಾವು ಬಂದರೆ ನಿಲ್ಲಿಸ್ತಾರೆ. ಈಕೆಗೆಲ್ಲ ಗೊತ್ತು, ಈಕೆಯೂ ಅವರ ಕಡೆಯೇ ಅಂತ ನಾನೇ ತೀರ್ಪು ಬರೆದುಬಿಟ್ಟಿದ್ದೆ.

ಹನ್ನೊಂದನೇ ತಾರೀಖು ಮಂಗಳವಾರ ನನ್ನ ರೂಮಿನ ಆಯೇಷಾ ಸ್ಪಿರಿಟ್ ಬಾಟ್ಲಿ ಮೂಗಿಗೆ ಹಿಡಿದು "ಇದಕ್ಕೆ ನೀರು ಬೆರೆಸಿದಾರೆ ಕಣೇ, ವಾಸನೆಯೇ ಇಲ್ಲ" ಅಂದಳು. ನಾನು ಮೂಸಿದೆ. ಕಣ್ಣಲ್ಲಿ ನೀರು ಬರುವಷ್ಟು ಘಾಟು. ನೀರು ಬೆರೆಸಿರಲಿಲ್ಲ, ವಾಸನೆ ಹೋಗಿದ್ದು ಅವಳ ಮೂಗಿಗೆ. ಮಾರನೇ ದಿನ ಮತ್ತೆ "ಎಲ್ಲರದ್ದೂ ನೆಗೆಟಿವ್". ಅವತ್ತೇ ನಾನು ರೋಗಿಯೊಬ್ಬರ ಸ್ಯಾಂಪಲ್ ಫಾರಂ ಹುಡುಕುತ್ತಾ ಕೌಂಟರಿನ ಫೈಲ್ ತೆಗೆದರೆ ನಮ್ಮ ಪಟ್ಟಿ ಸಿಕ್ಕಿತು. ಎಂಟು ಹೆಸರು. ಎಂಟು ಹೆಸರಿನ ಮುಂದೂ ಒಂದೇ ಮೊಬೈಲ್ ನಂಬರು. ಆಯೇಷಾ ಫೋನಿನಲ್ಲಿ ಆ ನಂಬರ್ ಒತ್ತಿದೆ, ಹತ್ತನೇ ಅಂಕಿ ಒತ್ತುವಷ್ಟರಲ್ಲಿ ಹೆಸರು ಮೂಡಿತು: ನಾಗಭೂಷಣ ಸರ್. ಅಂದರೆ ನಮ್ಮ ಮೂಗಿನ ವಿಷಯ ಮೊದಲು ಅವರಿಗೆ, ಆಮೇಲೆ ಅವರು ಹೇಳಿದಷ್ಟು ನಮಗೆ.

ಕೂಡಲೇ ಆಯೇಷಾಳನ್ನು ಕರಕೊಂಡು ಸರ್ಕಾರಿ ಆರೋಗ್ಯ ಕೇಂದ್ರದ ಸಾಲಿನಲ್ಲಿ ನಿಂತೆ. ಪರೀಕ್ಷೆ ಮಾಡುವ ಕಿಟ್ ಕಮ್ಮಿ ಇತ್ತು, ಲಕ್ಷಣ ಇದ್ದವರಿಗೆ ಮಾತ್ರ ಅಂದರು. ಅವಳದ್ದು ತೆಗೆದರು, ನನ್ನನ್ನು ಬಿಟ್ಟರು. ಶುಕ್ರವಾರ ಅವಳ ಸ್ವಂತ ಫೋನಿಗೆ ಮೆಸೇಜ್ ಬಂತು. ಪಾಸಿಟಿವ್. ಆ ಬುಧವಾರ, ಗುರುವಾರ ನಾನು ಡ್ಯೂಟಿಗೆ ಹೋದೆ ಅಪ್ಪಾ. ಅದೂ ಕೋವಿಡ್ ವಾರ್ಡಿಗಲ್ಲ, ಡಯಾಲಿಸಿಸ್‌ಗೆ. ಅಲ್ಲಿ ಬರೋರು ಕಿಡ್ನಿ ಕೆಟ್ಟವರು, ಈ ರೋಗ ತಗುಲಬಾರದವರು. ಒಂದೇ ರೂಮಿನಲ್ಲಿ ಆಯೇಷಾ ಜೊತೆ ಮಲಗಿ ಎದ್ದವಳು ನಾನು, ಲಿಸ್ಟ್ ಕಣ್ಣಾರೆ ನೋಡಿದವಳು. ಆದರೂ ಹೋದೆ. ಹೋಗದಿದ್ದರೆ ಸೂಜಿ ಚುಚ್ಚೋರೇ ಇರಲಿಲ್ಲ ಅನ್ನೋದು ನಿಜ. ಅದು ನನಗೆ ಅನುಕೂಲವಾದ ನಿಜವೂ ಆಗಿತ್ತು. ಊರಿನ ದನಗಳಿಗೆ ಕಾಲುಬಾಯಿ ಜ್ವರ ಬಂದಾಗ ನೀವು ಕೆಲಸ ಮಾಡುತ್ತಿದ್ದ ದನದ ಫಾರಂನಿಂದ ಬಂದು ಹೊರಗಿನ ನಲ್ಲಿಯಲ್ಲೇ ಸ್ನಾನ ಮಾಡಿ, ತಿಂಗಳು ಪೂರ್ತಿ ಪಂಪ್‌ಶೆಡ್ಡಿನಲ್ಲಿ ಮಲಗಿದ್ರಿ. ನನಗಾಗ ಆರು ವರ್ಷ. ಎತ್ತಿಕೊಳ್ಳಲಿಲ್ಲ ಅಂತ ಅತ್ತಿದ್ದೆ. "ಅಕ್ಕಪಕ್ಕದ ಹಟ್ಟಿಯಲ್ಲೂ ದನ ಅವೆ ಮಗಾ" ಅಂದಿದ್ರಿ. ನಮ್ಮ ನರ್ಸಿಂಗ್ ಕಾಲೇಜಿನಂತೆ ನಿಮಗೆ ಯಾರೂ ಪ್ರತಿಜ್ಞೆ ಮಾಡಿಸಿರಲಿಲ್ಲ.

ಶುಕ್ರವಾರ ಮಧ್ಯಾಹ್ನ ಸರಳಾ ಸಿಸ್ಟರನ್ನು ಟೆರೇಸಿನಲ್ಲಿ ಹಿಡಿದೆ. ನೀರಿನ ಟ್ಯಾಂಕಿನ ನೆರಳಲ್ಲಿ ಒಬ್ಬರೇ ಕೂತು ಮೊಸರನ್ನ ತಿನ್ನುತ್ತಿದ್ರು. ನಾನು ಬಾಯಿಗೆ ಬಂದದ್ದೆಲ್ಲ ಅಂದೆ, ಮಾಸ್ಕ್ ಕದ್ದಿಟ್ಟಿದೀರಾ ಅಂತ ಕೂಡ. ಅವರು "ಅಲ್ಲೇ ನಿಲ್ಲು, ಹತ್ತಿರ ಬರಬೇಡ" ಅಂದರು. ಆಮೇಲೆ ನಿಧಾನವಾಗಿ ಹೇಳಿದರು: "ವಾರಕ್ಕೆ ನಲವತ್ತು ಮಾಸ್ಕ್ ಬರ್ತಿದೆ, ಬೀಗ ಹಾಕದಿದ್ರೆ ಬುಧವಾರಕ್ಕೆ ಖಾಲಿ. ನಂಗೆ ಜ್ವರ ಬಂದು ಆರು ದಿನ ಆಯ್ತು. ನೆಗೆಟಿವ್ ಅಂದ್ರು. ನಾನು ನಂಬಲಿಲ್ಲ. ಅದಕ್ಕೇ ನಿಮ್ಮ ಜೊತೆ ಊಟ ಬಿಟ್ಟೆ, ಡಯಾಲಿಸಿಸ್ ಡ್ಯೂಟಿ ಬಿಟ್ಟು ಕೋವಿಡ್ ವಾರ್ಡೇ ಹಾಕ್ಕೊಂಡೆ. ದಿನಾ ನಾಗಭೂಷಣ ಸರ್ ಹತ್ತಿರ ರಿಪೋರ್ಟ್ ಕೊಡಿ ಅಂತ ಜಗಳ ಆಡ್ತಿದ್ದೆ. ಆದ್ರೆ ನಿಮಗೆ ಹೇಳಲಿಲ್ಲ. ಹೇಳಿದ್ರೆ ನೀವೆಲ್ಲ ಹೊರಟುಹೋಗ್ತೀರಿ ಅಂತ ಭಯ ಆಯ್ತು." ಅಷ್ಟು ಹೇಳಿ ಡಬ್ಬಿ ಮುಚ್ಚಿದರು. ಅರ್ಧ ಅನ್ನ ಹಾಗೇ ಇತ್ತು. ನಾನು ಕ್ಷಮಿಸಿ ಅನ್ನಲೂ ಇಲ್ಲ ಅಪ್ಪಾ.

ಸಾಯಂಕಾಲ ಇಬ್ಬರೂ ನಾಗಭೂಷಣ ಸರ್ ಮುಂದೆ ನಿಂತೆವು. ಅವರು ಇಲ್ಲ ಅನ್ನಲಿಲ್ಲ. "ಎಂಟು ಜನ ರೂಮಲ್ಲಿ ಕೂತ್ರೆ ಆ ಅರವತ್ತೆರಡು ರೋಗಿಗಳಿಗೆ ಒಂದು ಲೋಟ ನೀರು ಕೊಡೋರು ಯಾರಮ್ಮ? ಉಸಿರಾಡೋಕೆ ಬೋರಲು ಮಲಗಿಸೋರು ಯಾರು? ದೀಪ ಹಿಡಿದು ಪ್ರತಿಜ್ಞೆ ಮಾಡಿದ್ದು ನೀವೋ ನಾನೋ?" ಅಂದರು. ಆ ರೋಗಿಗಳ ಮುಖ ನನಗೂ ಗೊತ್ತು. ಸರಳಾ ಸಿಸ್ಟರ್ ಮಾತ್ರ, "ಮಾಡಿದ್ದು ನಾವೇ ಸರ್. ಅದಕ್ಕೇ ನಮ್ಮ ರಿಪೋರ್ಟ್ ನಮ್ಮ ಕೈಗೆ ಬೇಕು" ಅಂದರು. ಆತನ ಕಣ್ಣಲ್ಲಿ ನೀರಿತ್ತು. ನಿಜವಾದದ್ದೋ ಅಲ್ಲವೋ ನನಗೆ ಇವತ್ತಿಗೂ ಗೊತ್ತಾಗಿಲ್ಲ. ಅವತ್ತೇ ಆರೋಗ್ಯ ಇಲಾಖೆಗೆ ದೂರು ಬರೆದೆವು. ನಮ್ಮ ಎಂಟು ಜನರಲ್ಲೇ ಶೀತಲ್ ಅನ್ನುವ ಹುಡುಗಿ ಸಹಿ ಹಾಕದೆ ಎದ್ದು ಹೋದಳು, ಇವಳು ಹೋಗಿ ನಾಗಭೂಷಣ ಸರ್‌ಗೆ ಹೇಳ್ತಾಳೆ ಅಂದುಕೊಂಡೆ. ಅವಳು ಪೆನ್ನು ತರೋಕೆ ಹೋಗಿದ್ದಳು, ಬಂದು ಎಲ್ಲರಿಗಿಂತ ದೊಡ್ಡದಾಗಿ ಹಾಕಿದಳು. ಸೋಮವಾರ ಇಲಾಖೆಯವರೇ ಬಂದು ಎಂಟೂ ಜನರ ಸ್ಯಾಂಪಲ್ ತೆಗೆದರು, ಅವರವರ ನಂಬರೇ ಬರೆದುಕೊಂಡರು. ಬುಧವಾರ ತಿಳಿಯಿತು, ಒಟ್ಟು ಮೂವರು ಪಾಸಿಟಿವ್. ಅವರನ್ನು ಬೇರೆ ರೂಮುಗಳಲ್ಲಿ ಇಟ್ಟಿದ್ದಾರೆ. ಬೇರೆ ಕಡೆಯಿಂದ ನಾಲ್ಕು ಜನ ನರ್ಸುಗಳು ಬಂದರು. ಸಿಗುವುದೇ ಇಲ್ಲ ಅಂದಿದ್ದ ನರ್ಸುಗಳು ಎರಡೇ ದಿನದಲ್ಲಿ ಎಲ್ಲಿಂದ ಬಂದರೋ ಕೇಳಬೇಕು.

ಇನ್ನೊಂದು ಹೇಳದೆ ಮುಗಿಸೋಕೆ ಆಗ್ತಿಲ್ಲ. ಡಯಾಲಿಸಿಸ್‌ಗೆ ಬರುತ್ತಿದ್ದ ಗೋಪಾಲಮ್ಮ ಅಂತ, ಇದೇ ಕೊಡಿಗೇಹಳ್ಳಿಯ ಹಳೇ ಮನೆಯವರು. ಅವರ ಕೈಯ ನರ ಸಿಗೋದು ಕಷ್ಟ, ನನ್ನನ್ನೇ ಕೇಳಿ ಚುಚ್ಚಿಸಿಕೊಳ್ಳೋರು. ಆ ಗುರುವಾರವೂ ನಾನೇ ಚುಚ್ಚಿದ್ದು. ಹೋದ ಭಾನುವಾರ ಅವರಿಗೆ ಜ್ವರ ಬಂತು, ಈಗ ಆಕ್ಸಿಜನ್ ಮೇಲಿದ್ದಾರೆ. ಯಾರಿಂದ ಬಂತು ಅಂತ ಯಾರೂ ಹೇಳೋಕೆ ಆಗಲ್ಲ. ಆದರೆ ಸುಮ್ಮನಿರೋಕೆ ನನ್ನಿಂದ ಆಗಲಿಲ್ಲ. ಮೊನ್ನೆ ಫೋನಿನಲ್ಲೇ ಎಲ್ಲಾ ಹೇಳಿದೆ. ಅವರು ಕೇಳಿದ್ದು ಒಂದೇ: "ಗೊತ್ತಿದ್ದು ಬಂದ್ಯಾ, ಗೊತ್ತಿಲ್ದೆ ಬಂದ್ಯಾ?" ಗೊತ್ತಿರಲಿಲ್ಲ, ಅನುಮಾನ ಇತ್ತು ಅಂದೆ. "ಅನುಮಾನ ಇದ್ಮೇಲೆ ಬರ್ಬಾರ್ದಾಗಿತ್ತು ಕಣಮ್ಮ" ಅಂದರು. ಸಿಟ್ಟಿನಿಂದ ಹೇಳಲಿಲ್ಲ. ಇವತ್ತು ಬೆಳಿಗ್ಗೆ ಆಕ್ಸಿಜನ್ ಸ್ವಲ್ಪ ಇಳಿಸಿದ್ದಾರಂತೆ. ಯಾರೋ ಹೇಳಿದ್ದನ್ನು ನಂಬದೆ ಚಾರ್ಟಿನ ಫೋಟೋ ತರಿಸಿ ನೋಡಿದೆ. ನಿಜ.

ಈ ಕೆಲಸ ಬಿಡು ಅಂತ ನೀವು ಬರೆಯಬೇಡಿ. ಬಿಡುವುದಿಲ್ಲ. ಆದರೆ ಇನ್ನು ಮೇಲೆ ನನ್ನ ರಿಪೋರ್ಟನ್ನು ನಾನೇ ಓದದೆ ಯಾರ ಕೈಯನ್ನೂ ಹಿಡಿಯುವುದಿಲ್ಲ. ಅಮ್ಮನಿಗೆ, ಅಜ್ಜಿಗೆ ನನ್ನ ನಮಸ್ಕಾರ. ಅಮ್ಮನಿಗೆ ಇದರಲ್ಲಿ ಎಷ್ಟು ಓದಿ ಹೇಳಬೇಕೋ ನಿಮಗೇ ಬಿಟ್ಟಿದ್ದೇನೆ. ನೀವು ಹೊತ್ತುಹೊತ್ತಿಗೆ ಊಟ ಮಾಡಿ, ನನ್ನ ಮೇಲೆ ನಿಮ್ಮ ಆಶೀರ್ವಾದವಿರಲಿ.

ನಿಮ್ಮ ಮಗಳು,
ನಾಗಲಕ್ಷ್ಮಿ

ಮರೆತ ಮಾತು: ಮರೆತದ್ದಲ್ಲ, ಬರೆಯೋಕೆ ಕೈ ಬರಲಿಲ್ಲ. ಬಾಲರಾಜಣ್ಣ ಕೆಳಗೆ ಹಾರ್ನ್ ಹೊಡೀತಿದಾರೆ. ಮೂವರು ಅಂದೆನಲ್ಲ, ಆಯೇಷಾ, ಸರಳಾ ಸಿಸ್ಟರ್, ಮೂರನೆಯವಳು ನಾನೇ. ಜ್ವರ ನಿನ್ನೆಯಿಂದ ಇಲ್ಲ, ಆಕ್ಸಿಜನ್ ತೊಂಬತ್ತಾರಿದೆ, ಇದನ್ನು ನಾನೇ ಅಳೆದದ್ದು. ಕಾಗದವನ್ನು ಬಿಸಿಲಿಗಿಟ್ಟೇ ಕಳಿಸ್ತಿದೀನಿ, ಆದರೂ ಓದಿ ಸೋಪು ಹಾಕಿ ಕೈ ತೊಳ್ಕೊಳ್ಳಿ. ಮುಖ್ಯವಾದದ್ದು: ನರ್ಸುಗಳೇ ಜ್ವರ ಮುಚ್ಚಿಟ್ಟರು, ಆ ನಂಬರನ್ನೂ ಅವರೇ ಕೊಟ್ಟದ್ದು ಅಂತ ಆಸ್ಪತ್ರೆಯವರು ಒಂದು ಕಾಗದ ಟೈಪ್ ಮಾಡಿಸಿದ್ದಾರೆ. ನಾನು ಸಹಿ ಹಾಕಲಿಲ್ಲ. ಕೆಲಸಕ್ಕೆ ಸೇರುವಾಗ ನನ್ನ ಬಾಂಡಿಗೆ ಜಾಮೀನು ನಿಂತವರು ನೀವು, ಆದ್ದರಿಂದ ನಿಮ್ಮ ಹತ್ತಿರ ಬರ್ತಾರೆ. ಹಣ್ಣು ತರಬಹುದು, ನನ್ನನ್ನು ಹೊಗಳಬಹುದು. ಜಗುಲಿಯಲ್ಲಿ ಕೂರಿಸಿ, ಕಾಫಿ ಕೊಡಿ. ಯಾವ ಕಾಗದಕ್ಕೂ ಸಹಿ ಹಾಕಬೇಡಿ. ನಿಮ್ಮ ಮಗಳು ಆಗಲೇ ಹಾಕಿದ್ದಾಳೆ ಅಂದರೆ ನಂಬಬೇಡಿ ಅಪ್ಪಾ. ನಾನು ಹಾಕಿಲ್ಲ, ಹಾಕುವುದೂ ಇಲ್ಲ.