ಎರಡು ಗಂಟೆಯ ರುಜು

ಮಾರ್ಚ್ 4. ಬೆಳಿಗ್ಗೆ 10

ಅಮ್ಮನ ತಿಂಡಿ ಆಯಿತು. ಮುಖ ಒರೆಸಿ ತಲೆ ಬಾಚಿದೆ. ಸೊಂಟದ ಆಪರೇಷನ್ ಆಗಿ ಎಂಟು ದಿನ. ಡಾಕ್ಟರು ಮತ್ತೆ ಅದನ್ನೇ ಹೇಳಿ ಹೋದರು — ತಾನಾಗಿ ಹಾಸಿಗೆಯಿಂದ ಇಳಿಯಕೂಡದು. ಇಳಿದು ಬಿದ್ದರೆ ಇನ್ನೊಂದು ಆಪರೇಷನ್ ತಡೆಯುವ ದೇಹವಲ್ಲ. ಎಂಬತ್ತೇಳು ವಯಸ್ಸು.

ಇನ್ನು ನಗುಮುಖ. ಬೆಳಗಿನ ಪಾಳಿಯ ನರ್ಸಿಗೆ ನಾನಿಟ್ಟ ಹೆಸರು. ಯಾವಾಗ ನೋಡಿದರೂ ನಗು. ಅಳುವ ಗಂಡಸನ್ನೂ ನಗುವ ಹೆಂಗಸನ್ನೂ ನಂಬಬೇಡ ಅಂತ ಹಿರಿಯರು ಸುಮ್ಮನೆ ಹೇಳಿಲ್ಲ. ಮೂವತ್ತೊಂದು ವರ್ಷ ಬಸ್ಸಿನಲ್ಲಿ ಟಿಕೆಟ್ ಚೆಕಿಂಗ್ ಮಾಡಿದವನು ನಾನು. ನಕ್ಕು ಜಾಗ ಬಿಟ್ಟುಕೊಡುವವರ ಹತ್ತಿರವೇ ಟಿಕೆಟ್ ಇರುತ್ತಿರಲಿಲ್ಲ.

ಮಾರ್ಚ್ 5. ಸಂಜೆ 4

ಗಮನಿಸಿದ್ದು: ಒಂದೂವರೆಗೆ ನಮ್ಮನ್ನೆಲ್ಲ ಹೊರಗೆ ಕಳಿಸಿ ವಾರ್ಡಿನ ಬಾಗಿಲು ಹಾಕುತ್ತಾರೆ. ಎರಡಕ್ಕೆ ಪಾಳಿ ಬದಲು. ಮೂರಕ್ಕೆ ಬಾಗಿಲು ತೆಗೆಯುತ್ತಾರೆ. ಬೆಳಗಿನ ನರ್ಸುಗಳೆಲ್ಲ ಎರಡು ಹತ್ತಕ್ಕೆ ಬ್ಯಾಗ್ ಹಿಡಿದು ಹೊರಟರು. ನಗುಮುಖ ಹೊರಗೆ ಬಂದದ್ದು ಎರಡೂ ಮುಕ್ಕಾಲಿಗೆ. ಡ್ಯೂಟಿ ಮುಗಿದ ಮೇಲೆ ಪುಕ್ಕಟೆ ನಿಲ್ಲುವವರು ಯಾರು? ನಾನಂತೂ ಒಂದು ಸ್ಟಾಪ್ ಹೆಚ್ಚು ಹೋದವನಲ್ಲ.

ಒಳಗೆ ಹೋದರೆ ಅಮ್ಮ ಗಾಢ ನಿದ್ದೆಯಲ್ಲಿದ್ದಾಳೆ. ಬೆಳಿಗ್ಗೆಯೆಲ್ಲ ಚಡಪಡಿಸಿದವಳು! ಚಾರ್ಟ್ ನೋಡಿದೆ. ನಿದ್ದೆಯ ಮದ್ದು ಬರೆದಿಲ್ಲ. ಬರೆಯದೇ ಚುಚ್ಚುತ್ತಿದ್ದಾಳೋ ಏನೋ...

ಮಾರ್ಚ್ 6. ಮಧ್ಯಾಹ್ನ

ತಂಗಿಗೆ ಫೋನ್. ಎಲ್ಲ ಹೇಳಿದೆ.

“ಕಾಮಾಲೆ ಕಣ್ಣಿಗೆ ಕಾಣೋದೆಲ್ಲ ಹಳದಿ ಅಣ್ಣಾ.”

“ಬೆಳ್ಳಗಿರೋದೆಲ್ಲ ಹಾಲಲ್ಲ” ಅಂದೆ.

“ಅಮ್ಮನೂ ಯುದ್ಧದಲ್ಲಿ ನರ್ಸ್ ಆಗಿದ್ದೋಳು. ಏನಾದ್ರೂ ಇದ್ರೆ ಅವಳೇ ಹಿಡೀತಾಳೆ ಬಿಡು.”

ಏನು ಹಿಡಿಯುತ್ತಾಳೆ? ಈಗ ಅವಳಿಗೆ ದಿನ, ವಾರ, ಊರು ಯಾವುದೂ ನೆನಪಿಲ್ಲ. ಯುದ್ಧದ ಆಸ್ಪತ್ರೆಯಲ್ಲಿದ್ದದ್ದು ನಾನು ಹುಟ್ಟುವ ಮುಂಚೆ. ಅದರ ಸುದ್ದಿ ಎತ್ತಿದಾಗಲೆಲ್ಲ “ಊಟ ಮಾಡು” ಅನ್ನುತ್ತಿದ್ದಳು. ಅಷ್ಟೇ ನನಗೆ ಗೊತ್ತಿರುವ ಯುದ್ಧ.

ಮಾರ್ಚ್ 7. 3.30

ಸಿಕ್ಕಿಬಿದ್ದಳು.

ಬಾಗಿಲಿನ ಗಾಜಿಗೆ ಮೂಗು ಒತ್ತಿ ನಿಂತಿದ್ದೆ. ಪರದೆ ಸ್ವಲ್ಪ ಸರಿದಿತ್ತು. ನಗುಮುಖ ಮಂಚದ ಪಕ್ಕ ನೆಟ್ಟಗೆ ನಿಂತಿದ್ದಳು. ಅಮ್ಮನ ಕೈಯಲ್ಲಿ ಪೆನ್ನು. ಒಂದು ನೋಟ್‌ಬುಕ್ಕಿನಲ್ಲಿ ರುಜು ಹಾಕಿದಳು. ಕೆಳಗೆ ನಗುಮುಖವೂ ಹಾಕಿದಳು. ನೋಟ್‌ಬುಕ್ ಹೋದದ್ದು ಆಸ್ಪತ್ರೆಯ ಕಪಾಟಿಗಲ್ಲ, ಅವಳ ಸ್ವಂತ ಬ್ಯಾಗಿಗೆ.

ಮನೆ ಅಮ್ಮನ ಹೆಸರಿನಲ್ಲಿದೆ. ಬುದ್ಧಿ ನೆಟ್ಟಗಿಲ್ಲದ ಮುದುಕಿಯಿಂದ ರುಜು ಹಾಕಿಸುವುದು ಯಾಕೆ ಅಂತ ಎಳೆ ಮಗುವಿಗೂ ಗೊತ್ತು. ಆಮೇಲೆ ಅಮ್ಮನನ್ನೇ ಕೇಳಿದೆ. “ಅದು ನಿಮಗೆ ಸಂಬಂಧಪಟ್ಟಿದ್ದಲ್ಲ” ಅಂದಳು. ಹೆತ್ತ ಮಗನಿಗೆ “ನಿಮಗೆ”. ಏನು ಮಾಟ ಮಾಡಿದ್ದಾಳೋ ಇವಳು.

ಮಾರ್ಚ್ 8. ಬೆಳಿಗ್ಗೆ 11

ಎರಡು ಪುಟ ದೂರು ಬರೆದು ದೊಡ್ಡ ಸಿಸ್ಟರ್ ಕೈಗೆ ಕೊಟ್ಟೆ. ಇಡೀ ಮಹಡಿಯ ನರ್ಸುಗಳಿಗೆ ಅವರೇ ಮೇಲಿನವರು. ಓದಿ ಕನ್ನಡಕ ತೆಗೆದಿಟ್ಟರು.

“ಅವಳನ್ನ ಒಂದ್ಸಲ ಕೇಳಿ ನೋಡಿದ್ರಾ?”

“ಕಳ್ಳರು ಕೇಳಿದ್ರೆ ಒಪ್ಕೋತಾರಾ ಮೇಡಂ?”

ನಗುಮುಖವನ್ನು ಕರೆಸಿದರು. ನೋಟ್‌ಬುಕ್ ತೆಗೆದುಕೊಂಡು ಬೀಗ ಹಾಕಿಟ್ಟರು. ವಿಚಾರಣೆ ಮುಗಿಯುವವರೆಗೆ ನಗುಮುಖ ಹಿಂದಿನ ಕಟ್ಟಡದ ವಾರ್ಡಿಗೆ, ಇತ್ತ ಕಾಲಿಡುವಂತಿಲ್ಲ. ಹೋಗುವಾಗ ನನ್ನನ್ನು ನೋಡಿದಳು. ನಗಲಿಲ್ಲ. ನನಗೆ ಸಮಾಧಾನ ಆಯಿತು. ಅಂದುಕೊಂಡಷ್ಟು ಆಗಲಿಲ್ಲ.

ಮಾರ್ಚ್ 11. ಸಂಜೆ 5

ಮೂರು ದಿನ ಬರೆಯಲು ಆಗಲಿಲ್ಲ. ಅಮ್ಮ ಕಣ್ಣು ಮುಚ್ಚಿಲ್ಲ.

ಎರಡು ಗಂಟೆ ಆಗುತ್ತಿದ್ದಂತೆ ಶುರು. ಎದ್ದು ಕೂರುತ್ತಾಳೆ. ಕಾಲು ಕೆಳಗೆ ಬಿಡುತ್ತಾಳೆ. “ಬದಲಿ ಬಂದಿಲ್ಲ, ಹೇಗೆ ಮಲಗ್ಲಿ? ರೌಂಡ್ಸ್‌ಗೆ ಹೋಗ್ಬೇಕು.” ಎರಡು ಸಲ ಮಂಚದ ಅಂಚಿನಲ್ಲಿ ಹಿಡಿದಿದ್ದಾರೆ. ಇವತ್ತು ಮೂರಕ್ಕೆ ಒಳಗೆ ಹೋದಾಗ ಎರಡೂ ಕೈಗಳನ್ನು ಬ್ಯಾಂಡೇಜ್ ಬಟ್ಟೆಯಿಂದ ಮಂಚದ ಕಂಬಿಗೆ ಕಟ್ಟಿದ್ದರು. ಕೂಗಾಡಿದೆ.

“ಹದಿನಾಲ್ಕು ಪೇಷಂಟು, ನಾನೊಬ್ಳು. ಬಿದ್ರೆ ನೀವೇ ನನ್ಮೇಲೂ ದೂರು ಬರೀತೀರಾ ಸರ್” ಅಂದಳು ಹೊಸ ನರ್ಸ್. ನನ್ನ ಕೀರ್ತಿ ಹರಡಿದೆ.

ಬಿಚ್ಚಿದೆ. ಮಣಿಕಟ್ಟು ಕೆಂಪಾಗಿತ್ತು. ನಮ್ಮನ್ನು ಹೊರಗೆ ಕಳಿಸುವ ಏಳು ಗಂಟೆಯವರೆಗೆ ನಾನೇ ಹಿಡಿದುಕೊಂಡಿರುತ್ತೇನೆ. ಆಮೇಲೆ ಮತ್ತೆ ಕಟ್ಟುತ್ತಾರೆ.

ಮಾರ್ಚ್ 12. ಬೆಳಿಗ್ಗೆ 9.30

ದೊಡ್ಡ ಸಿಸ್ಟರ್ ಕರೆದು ನೋಟ್‌ಬುಕ್ ಮುಂದಿಟ್ಟರು. ಓದಿ, ಅಂದರು.

ದಿನಕ್ಕೊಂದು ಪುಟ. ಅಕ್ಷರ ನಗುಮುಖದ್ದು, ಹೇಳಿದ್ದು ಅಮ್ಮ. “ಬೆಡ್ ಒಂದು. ಹೊಟ್ಟೆಗೆ ಗುಂಡು. ನೀರು ಕೇಳುತ್ತಾನೆ, ಕೊಡಬಾರದು. ತುಟಿ ಒದ್ದೆ ಮಾಡಿ.” “ಬೆಡ್ ನಾಲ್ಕು. ತಾಯಿಗೆ ಕಾಗದ ಬರೆದುಕೊಡಿ. ಕೈ ಹೋದದ್ದು ಬರೆಯಬೇಡಿ.” ಕೊನೆಗೆ, ಡ್ಯೂಟಿ ಒಪ್ಪಿಸಿದವರು — ಅಮ್ಮನ ರುಜು. ಮದುವೆಗೆ ಮುಂಚಿನ ಹೆಸರಿನಲ್ಲಿ. ಆ ರುಜುವನ್ನು ನಾನು ಜನ್ಮದಲ್ಲಿ ನೋಡಿರಲಿಲ್ಲ. ಒಪ್ಪಿಕೊಂಡವರು — ನಗುಮುಖದ ರುಜು.

“ಪಾಳಿ ಬದಲಾಗುವಾಗ ಒಂದೊಂದು ಬೆಡ್ ವಿಷಯ ಹೇಳಿ ಒಪ್ಪಿಸ್ಬೇಕು” ಅಂದರು ದೊಡ್ಡ ಸಿಸ್ಟರ್. “ ಆಮೇಲೇ ಮನೆಗೆ. ಯುದ್ಧದಲ್ಲಿ ನಿಮ್ಮಮ್ಮನ ಬದಲಿ ಬರೋ ಗಾಡಿಗೆ ದಾರೀಲೇ ಬಾಂಬ್ ಬಿತ್ತಂತೆ. ಮೂರು ದಿನ ಇವರೊಬ್ರೇ ನಿಂತಿದ್ರು. ಪ್ರಜ್ಞೆ ತಪ್ಪಿದ ಮೇಲೆ ಯಾರೋ ಎತ್ಕೊಂಡು ಹೋದ್ರಂತೆ. ಯಾರಿಗೂ ಒಪ್ಪಿಸಲೇ ಇಲ್ಲ. ಆ ಹುಡುಗಿಗೆ ಇದನ್ನೆಲ್ಲ ಚೂರು ಚೂರಾಗಿ ಅವರೇ ಹೇಳಿದ್ದು.”

ದೂರು ವಾಪಸ್ ಕೊಡಿ ಅಂದೆ. ದೂರು ಕೊಡುವುದು ಸುಲಭ, ವಾಪಸ್ ತೆಗೆಯುವುದಕ್ಕೆ ಮೇಲಿನ ಮೂವರು ಒಪ್ಪಬೇಕಂತೆ. ಅಲ್ಲಿಯವರೆಗೆ ನೋಟ್‌ಬುಕ್ ಕಪಾಟಿನಲ್ಲೇ. ನಗುಮುಖ ಹಿಂದಿನ ಕಟ್ಟಡದಲ್ಲೇ.

12.15

ಹೋಗಿ ಕಂಡೆ. ಯಾರದೋ ಗಾಯಕ್ಕೆ ಪಟ್ಟಿ ಕಟ್ಟುತ್ತಿದ್ದಳು. ತಪ್ಪಾಯಿತು ಅನ್ನಲು ಬಾಯಿ ತೆರೆದೆ.

“ಅಜ್ಜಿ ಮಲಗಿದ್ರಾ?”

ಇಲ್ಲ ಅಂದೆ. ಬೈದಿದ್ದರೆ ಚೆನ್ನಾಗಿತ್ತು. ನಮ್ಮ ವಾರ್ಡಿನಲ್ಲಿದ್ದ ಹನ್ನೆರಡು ದಿನದಲ್ಲಿ ಈ ಹುಡುಗಿಗೆ ಒಂದು ಲೋಟ ನೀರು ಬೇಕಾ ಅಂತ ಕೇಳಿದವನಲ್ಲ ನಾನು. ನಾಚಿಕೆಯಾಯಿತು. ಆದರೂ ಹುಟ್ಟುಗುಣ... ಕೇಳಿಯೇ ಬಿಟ್ಟೆ, ಯಾಕೆ ಇಷ್ಟೆಲ್ಲ ಮಾಡಿದೆ ತಾಯಿ, ನಿನಗೇನು ಲಾಭ?

“ನಂಗೂ ಒಪ್ಪಿಸ್ದೆ ಮನೆಗೆ ಹೋದ್ರೆ ನಿದ್ದೆ ಬರಲ್ಲ ಸರ್.”

ಅಮ್ಮನಿಂದ ಡ್ಯೂಟಿ ಒಪ್ಪಿಕೊಳ್ಳುವುದು ಹೇಗೆ ಅಂತ ಪಟ್ಟಿ ಕಟ್ಟುತ್ತಲೇ ಕಲಿಸಿದಳು. ನಿಂತೇ ಕೇಳಬೇಕು. ಮಧ್ಯೆ ಬಾಯಿ ಹಾಕಬಾರದು. ಅಮ್ಮ ಅನ್ನಬಾರದು, ಸಿಸ್ಟರ್ ಅನ್ನಬೇಕು. ಕೊನೆಗೆ ಮರೆಯದೆ ರುಜು ಹಾಕಬೇಕು.

2.00

ಒಳಗಿರಲು ದೊಡ್ಡ ಸಿಸ್ಟರ್ ಬಿಟ್ಟಿದ್ದಾರೆ. ನೋಟ್‌ಬುಕ್ ಇಲ್ಲ. ಈ ಡೈರಿಯಲ್ಲೇ, ನಿಂತು ಬರೆದುಕೊಳ್ಳುತ್ತಿದ್ದೇನೆ.

“ಹೊಸಬರಾ? ಯಾರು ಕಳಿಸಿದ್ದು?” ಮೇಲಿಂದ ಕೆಳಗೆ ನೋಡಿದಳು. “ಕೈ ತೋರ್ಸಿ. ತೊಳ್ಕೊಂಡಿದ್ದೀರಾ?”

ತೋರಿಸಿದೆ.

ಬೆಡ್ ಒಂದು. ಹಾಗೇ ಇದ್ದಾನೆ. ತುಟಿ ಒದ್ದೆ ಮಾಡಿ.

ಬೆಡ್ ಐದು. ಎರಡೂ ಕಣ್ಣಿಗೆ ಪಟ್ಟಿ. ಹತ್ತಿರ ಹೋಗೋ ಮುಂಚೆ ಮಾತಾಡಿ, ಬೆಚ್ಚಿಬೀಳ್ತಾನೆ.

ಬೆಡ್ ಆರು. ಖಾಲಿ. ಬೆಳಿಗ್ಗೆ ಹೋದ. ನಾನು ಪಕ್ಕದಲ್ಲಿರಲಿಲ್ಲ. ಅದನ್ನೂ ಬರ್ಕೊಳ್ಳಿ.

ಬರೆದುಕೊಂಡೆ, ಸಿಸ್ಟರ್.

ಪೆನ್ನು ಕೇಳಿದಳು. ಕೊಟ್ಟೆ. ರುಜು ಹಾಕಿ ತಿರುಗಿ ಚಾಚಿದಳು. “ಕೂರದೆ ಮೂರು ದಿನ ಆಯ್ತು. ನಾನಿನ್ನು ಹೋಗ್ಲಾ?” ಅಂದಳು.

ಒಪ್ಪಿಕೊಂಡವರು —