ಒಮ್ಮೆ ಮಾತ್ರ ತೋರಿಸಿದ ಸಿನಿಮಾ

ಮಾರ್ಚ್ ೯, ಸೋಮವಾರ

ಪ್ರೀತಿಯ ಗೆಳೆಯಾ,

ನಾಲ್ಕು ಜನರ ಮುಂದೆ ನಿನ್ನನ್ನು ‘ಫಾದರ್’ ಎಂದು, ‘ನೀವು’ ಎಂದು ಕರೆದೂ ಕರೆದೂ ನಾಲಿಗೆಗೆ ಅದೇ ರೂಢಿಯಾಗಿದೆ. ಕಾಗದದ ಮೇಲಾದರೂ ಶಾಲೆಯ ಬೆಂಚಿನ ‘ನೀನು’ ಇರಲಿ. ಮಂಡಿನೋವು ಹೇಗಿದೆ? ನಿನ್ನ ಎರಡು ಕಾಗದಗಳೂ ಕೈ ಸೇರಿವೆ. ಉತ್ತರಕ್ಕೆ ಐದು ತಿಂಗಳು ಹಿಡಿಯಿತು. ಕೆಲಸ ಜಾಸ್ತಿ ಇತ್ತು ಎಂದು ಬರೆದರೆ ನೀನು ನಗುತ್ತೀಯ. ಈ ಕಾಲದಲ್ಲಿ ಪುಸ್ತಕ ಬೈಂಡ್ ಮಾಡುವವನ ಅಂಗಡಿ ಮುಂದೆ ಯಾರು ಸಾಲುಗಟ್ಟಿ ನಿಲ್ಲುತ್ತಾರೆ? ಬರೆಯಲು ಕೂತಾಗಲೆಲ್ಲ ಕೈ ಮುಂದೆ ಓಡಲಿಲ್ಲ, ಅಷ್ಟೆ. ತಡವಾದದ್ದಕ್ಕೆ ಈಗಲೇ ಕ್ಷಮೆ ಕೇಳುತ್ತೇನೆ. ಇನ್ನೊಂದಕ್ಕೆ ಆಮೇಲೆ ಕೇಳುತ್ತೇನೆ.

‘ವಯಸ್ಸಾದ ಪಾದ್ರಿಗಳ ಮನೆಯಲ್ಲಿ ನನ್ನ ಕೆಲಸವೆಂದರೆ ಹನ್ನೊಂದು ಮುದುಕರಿಗೆ ಮಾತ್ರೆ ನೆನಪಿಸುವುದು, ಹನ್ನೆರಡನೆಯವನು ನಾನೇ’ ಎಂದು ಬರೆದಿದ್ದೀಯ. ಓದಿ ನಕ್ಕೆ. ನಕ್ಕ ಮೇಲೆ ಕಾಗದವನ್ನು ಮಡಚಿ ಒಳಗಿಟ್ಟುಬಿಟ್ಟೆ.

ಇಲ್ಲಿನ ಸುದ್ದಿ ಹೇಳಬೇಕೆಂದರೆ, ಹೊಸ ಫಾದರ್ ಚುರುಕಿನ ಮನುಷ್ಯ. ಪ್ರವಚನ ಒಂಬತ್ತು ನಿಮಿಷಕ್ಕೆ ಮುಗಿಯುತ್ತದೆ. ಹಾಲ್‌ಗೆ ಫ್ಯಾನ್ ಹಾಕಿಸಿದ್ದಾರೆ. ಹಾಡಿನ ಪುಸ್ತಕಗಳನ್ನೆಲ್ಲ ದುರಸ್ತಿಗೆ ನನ್ನ ಬಳಿ ಕಳಿಸಿದ್ದಾರೆ. ನೂರಾ ನಲವತ್ತು ಪುಸ್ತಕ, ಒಂದಕ್ಕೂ ಬೆನ್ನು ನೆಟ್ಟಗಿಲ್ಲ. ದಿನಕ್ಕೆ ಆರರಂತೆ ಬಿಚ್ಚಿ, ಹೊಲಿದು, ರಟ್ಟು ಕಟ್ಟುತ್ತಿದ್ದೇನೆ.

ನೀನು ತೋರಿಸಿದ ಸಿನಿಮಾದ ಜಗಳ ಮಾತ್ರ ಇನ್ನೂ ಮುಗಿದಿಲ್ಲ. ಭಾನುವಾರದ ಪೂಜೆಯಾದ ಮೇಲೆ ಅಂಗಳದಲ್ಲಿ ಎರಡು ಗುಂಪು ನಿಲ್ಲುತ್ತವೆ. ಗೇಟಿನ ಕಡೆಯದು ನಿವೃತ್ತ ಹೆಡ್ ಟೀಚರಮ್ಮನದು. ಪಂಪಿನ ಕಡೆಯದು ಗಾಯಕ ತಂಡದ ಮೇಷ್ಟ್ರದ್ದು. ಆ ಸಿನಿಮಾ ದೈವನಿಂದೆ ಎಂದು ಟೀಚರಮ್ಮ, ಅದಕ್ಕಿಂತ ಒಳ್ಳೆಯ ಪ್ರಾರ್ಥನೆ ತಾನು ಕಂಡಿಲ್ಲ ಎಂದು ಮೇಷ್ಟ್ರು. ನಾನು ನೇರವಾಗಿ ಮನೆಗೆ ಬರುತ್ತೇನೆ.

ನಿನಗೆ ಗೊತ್ತಿರುವುದನ್ನೇ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡ. ನಾನು ಕೂತ ಕುರ್ಚಿಯಿಂದ ಅದು ಹೇಗೆ ಕಂಡಿತೆಂಬುದು ನಿನಗೆ ಗೊತ್ತಿಲ್ಲವಲ್ಲ. ಸೆಪ್ಟೆಂಬರಿನ ಆ ಶನಿವಾರ ಮಧ್ಯಾಹ್ನ ಹಾಲ್‌ನಲ್ಲಿ ಅರವತ್ತು ಜನರಿದ್ದರು. ಕ್ರಿಸ್ತನ ಕಥೆ ತೋರಿಸುತ್ತಾರೆ ಎಂದುಕೊಂಡು ಮಕ್ಕಳನ್ನೂ ಕರೆತಂದಿದ್ದರು. ನೀನು ತೋರಿಸಿದ್ದು ಬಲಿಪೀಠದ ಬಟ್ಟೆ ಒಗೆಯುವ ಒಬ್ಬ ಹೆಂಗಸಿನ ಕಥೆ. ಅವಳು ಒಗೆಯುತ್ತಾಳೆ, ಇಸ್ತ್ರಿ ಮಾಡುತ್ತಾಳೆ, ಖಾಲಿ ಚರ್ಚಿನ ಕೊನೆಯ ಬೆಂಚಿನಲ್ಲಿ ಕೂರುತ್ತಾಳೆ. ಮರುದಿನವೂ ಅದೇ. ಸಂಗೀತವಿಲ್ಲ, ಮಾತು ಹತ್ತೋ ಹನ್ನೆರಡೋ. ಕೊನೆಗೆ ಒಂದು ದಿನ ಎದ್ದು, ಬಾಗಿಲು ತೆರೆದೇ ಬಿಟ್ಟು ಹೊರಟುಹೋಗುತ್ತಾಳೆ. ಎರಡೂವರೆ ಗಂಟೆ. ದೀಪ ಹಾಕಿದಾಗ ಎಣಿಸಿದೆ, ಇಪ್ಪತ್ತಮೂರು ಜನ ಉಳಿದಿದ್ದೆವು. ಅದರಲ್ಲಿ ಇಬ್ಬರು ನಿದ್ದೆಯಲ್ಲಿದ್ದರು.

ಟೀಚರಮ್ಮ ಎದ್ದು ನಿಂತೇಬಿಟ್ಟರು. “ಹನ್ನೊಂದು ನಿಮಿಷ ಒಂದೇ ಬಟ್ಟೆ ಇಸ್ತ್ರಿ ಮಾಡ್ತಾಳೆ ಫಾದರ್, ನಾನು ಗಡಿಯಾರ ನೋಡಿದೀನಿ. ನಮ್ಮನೇಗೆ ಬನ್ನಿ, ನಾನೂ ಇಸ್ತ್ರಿ ಮಾಡಿ ತೋರಿಸ್ತೀನಿ, ಕಾಫಿನೂ ಕೊಡ್ತೀನಿ.”

ಎಲ್ಲರೂ ನಕ್ಕರು, ನೀನೂ ನಕ್ಕೆ. ಅವರು ನಗಲಿಲ್ಲ. “ಇದರಲ್ಲಿ ದೇವರೆಲ್ಲಿದಾನೆ? ಒಂದು ಸಲನಾದ್ರೂ ಉತ್ತರ ಕೊಟ್ನಾ ಅವಳಿಗೆ?”

“ನಿಮಗೆ ಕೊಟ್ಟಿದಾನಾ ಟೀಚರ್?” ಎಂದರು ಗಾಯಕ ತಂಡದ ಮೇಷ್ಟ್ರು. “ಮೂವತ್ತು ವರ್ಷದಿಂದ ಹಾಡ್ತಿದೀನಿ, ನನಗಂತೂ ಕೊಟ್ಟಿಲ್ಲ. ಆದ್ರೂ ಬರ್ತೀನಲ್ಲ. ಅವಳೂ ಹಾಗೇ ಬಂದು ಕೂತ್ಲು. ಅದೇ ಪ್ರಾರ್ಥನೆ.”

“ಕೊನೇಲಿ ಎದ್ದು ಹೋದ್ಲಲ್ಲ!”

“ಬಾಗಿಲು ತೆಗೆದಿಟ್ಟು ಹೋದ್ಲು.”

“ಹಾಕೋದು ಮರೆತಳು ಅಂತಿಟ್ಕೊಳ್ಳಿ.”

ನೀನು ಮಧ್ಯೆ ನಿಂತು ಇಬ್ಬರ ಮಾತಿಗೂ ತಲೆಯಾಡಿಸುತ್ತಿದ್ದೆ. ಆಗಲೇ ನನ್ನ ಪಕ್ಕದಿಂದ ನನ್ನ ಹೆಂಡತಿಯ ದನಿ ಕೇಳಿತು. ಸಭೆಯಲ್ಲಿ ಇವಳು ಬಾಯಿ ತೆರೆದದ್ದನ್ನು ಮೂವತ್ತೊಂದು ವರ್ಷದ ಸಂಸಾರದಲ್ಲಿ ನಾನು ಕೇಳಿರಲಿಲ್ಲ. “ಕಾಯೋದು ಹಾಗೇ ಇರುತ್ತೆ” ಎಂದಳು. “ಅದು ನಿಧಾನ ಅಲ್ಲ. ಅದು ಅಷ್ಟೇ ಹೊತ್ತು ಹಿಡಿಯುತ್ತೆ.”

ನಮ್ಮ ಮಗಳು ಪುಟ್ಟಿ ಹದಿನೇಳು ವರ್ಷಕ್ಕೆ ಜ್ವರದಲ್ಲಿ ಹೋದದ್ದು ಅಲ್ಲಿ ಎಲ್ಲರಿಗೂ ಗೊತ್ತಿತ್ತು. ನಾವು ಮೂರು ವಾರ ಆಸ್ಪತ್ರೆಯ ಕಾರಿಡಾರಿನಲ್ಲಿ ಕೂತಿದ್ದು, ಇಡೀ ಚರ್ಚು ಮಂಡಿಯೂರಿದ್ದು, ಎಲ್ಲವೂ. “ಇನ್ನೊಂದ್ಸಲ ತೋರಿಸ್ತೀರಾ ಫಾದರ್?” ಎಂದು ಕೇಳಿದಳು. “ಮುಂದಿನ ಶನಿವಾರ ತೋರಿಸ್ತೀನಿ ತಾಯಿ” ಎಂದೆ ನೀನು.

ಆ ವಾರ ನಮ್ಮ ಮನೆ ನಮ್ಮ ಮನೆಯಂತಿರಲಿಲ್ಲ. ಇವಳು ಪುಟ್ಟಿಯ ಕೋಣೆಯ ಕಿಟಕಿ ತೆರೆದಳು. ಅವಳ ಬಟ್ಟೆಗಳನ್ನು ಪೆಟ್ಟಿಗೆಯಿಂದ ತೆಗೆದು ಒಗೆದು ಒಣಗಿಸಿದಳು. ಊಟಕ್ಕೆ ಕೂತಾಗ ಅವಳ ಹೆಸರು ಹಿಡಿದು ಮಾತಾಡಿದಳು. “ಆ ಹಸಿರು ಅಂಗಿ ಅವಳಿಗೆ ಸ್ವಲ್ಪವೂ ಒಪ್ತಿರಲಿಲ್ಲ ಅಲ್ವಾ?” ಎಂದು ನಕ್ಕಳು. ಮಂಗಳವಾರ ನಿನ್ನ ಬಳಿ ಬಂದು ಎರಡು ಗಂಟೆ ಕೂತಳು, ಗುರುವಾರ ಮತ್ತೆ. ಏನು ಮಾತಾಡಿದಿರೋ ನಾನು ಕೇಳಲಿಲ್ಲ, ನೀನೂ ಹೇಳಲಿಲ್ಲ. ಅವಳು ಚೇತರಿಸಿಕೊಳ್ಳುತ್ತಿದ್ದಾಳೆ ಎಂದು ಬೇರೆ ಯಾರಾದರೂ ಸಂತೋಷಪಡುತ್ತಿದ್ದರು. ನನಗೆ ಹೆದರಿಕೆಯಾಯಿತು. ಒಂಬತ್ತು ವರ್ಷದಿಂದ ಮುಟ್ಟದೆ ಇಟ್ಟಿದ್ದನ್ನೆಲ್ಲ ಅವಳು ಒಂದೊಂದಾಗಿ ನನ್ನ ಮುಂದೆ ತಂದಿಡುತ್ತಿದ್ದಳು.

ಶುಕ್ರವಾರ ಟೀಚರಮ್ಮ ಅಂಗಡಿಗೆ ಬಂದರು. ಬಿಷಪರಿಗೆ ದೂರು ಕೊಡಬೇಕು, ಬರೆದುಕೊಡಿ ಎಂದರು. “ನಾನು ಬರೆದ್ರೆ ಬೈಗುಳ ಆಗುತ್ತೆ, ನೀವು ಬರೆದ್ರೆ ಕಾಗದ ಆಗುತ್ತೆ” ಎಂದರು. ಆಗುವುದಿಲ್ಲ ಎನ್ನಬಹುದಿತ್ತು. ಕೈಗೆ ಹತ್ತಿದ್ದ ಅಂಟು ತೊಳೆದುಕೊಂಡು ಬಂದು ಬರೆದುಕೊಟ್ಟೆ. ಸಂದೇಹವನ್ನೇ ಭಕ್ತಿ ಎಂಬಂತೆ ತೋರಿಸುವ ಚಿತ್ರ, ನೊಂದ ಹೆಂಗಸರ ಮನಸ್ಸನ್ನು ಕದಡುತ್ತಿದೆ, ಫಾದರ್ ಅದನ್ನು ಪ್ರೋತ್ಸಾಹಿಸುತ್ತಿದ್ದಾರೆ. ಒಂದು ಪುಟ. ಅವರು ಟೈಪ್ ಮಾಡಿಸಿ ತಂದು, ಮನೆಮನೆ ತಿರುಗಿ ಸಹಿ ಹಾಕಿಸಿ, ಅವತ್ತೇ ರಾತ್ರಿ ಬಿಷಪರ ಕಚೇರಿಗೆ ತಲುಪಿಸಿದರು. ನಲವತ್ತೊಂದು ಸಹಿಗಳಲ್ಲಿ ಅರ್ಧಕ್ಕರ್ಧ ಸಿನಿಮಾ ನೋಡದವರದು. ಮೊದಲ ಸಹಿ ನನ್ನದು, ಚರ್ಚ್ ಸಮಿತಿಯ ಕಾರ್ಯದರ್ಶಿ ಎಂದು.

ಶನಿವಾರ ಬೆಳಿಗ್ಗೆಯೇ ಬಿಷಪರ ಕಚೇರಿಯಿಂದ ಫೋನ್ ಬಂತು, ಸಿನಿಮಾ ನಿಂತಿತು. ಮೂರು ವಾರಕ್ಕೆ ನಿನ್ನ ವರ್ಗಾವಣೆಯಾಯಿತು. ನಿನ್ನ ಪುಸ್ತಕಗಳನ್ನು ಪೆಟ್ಟಿಗೆಗೆ ತುಂಬಿ ಹಗ್ಗ ಬಿಗಿದವನೂ ನಾನೇ. ಬಸ್ಸಿನವರೆಗೆ ಹೊತ್ತು ತಂದವನೂ ನಾನೇ. ಆಗ ಹೇಳಲಿಲ್ಲ.

ನಿನ್ನ ಮೊದಲ ಕಾಗದದಲ್ಲಿ ಒಂದು ಸಾಲಿದೆ: ‘ಬಿಷಪರು ದೂರಿನ ಒಕ್ಕಣೆಯನ್ನಷ್ಟೇ ಓದಿ ಹೇಳಿದರು, ಸಹಿಗಳನ್ನು ತೋರಿಸಲಿಲ್ಲ. ಯಾರು ಬರೆದರೋ, ಭಾಷೆ ಚೆನ್ನಾಗಿತ್ತು.’ ನೀನು ತಿಳಿದೇ ಬರೆದೆಯೋ, ತಿಳಿಯದೆ ಬರೆದೆಯೋ ಎಂದು ಐದು ತಿಂಗಳಿಂದ ಯೋಚಿಸುತ್ತಿದ್ದೇನೆ. ಬೆಂಚಿನಲ್ಲಿ ನನ್ನ ಪ್ರಬಂಧ ನೋಡಿ ಬರೆಯುತ್ತಿದ್ದವನಿಗೆ ನನ್ನ ವಾಕ್ಯ ಗೊತ್ತಾಗದೇ ಇರುತ್ತದೆಯೇ? ಗೊತ್ತಿದ್ದೂ ಎರಡನೇ ಕಾಗದದಲ್ಲಿ ನನ್ನ ಕೆಮ್ಮಿನ ಬಗ್ಗೆ ವಿಚಾರಿಸಿದ್ದೀಯ ಎಂದರೆ, ಅದನ್ನು ತಡೆದುಕೊಳ್ಳುವ ಶಕ್ತಿ ನನಗಿಲ್ಲ.

ಆಮೇಲಿನದು ಹೆಚ್ಚಿಲ್ಲ. ಗಾಯಕ ತಂಡದ ಮೇಷ್ಟ್ರು ನನ್ನನ್ನು ಕಂಡರೆ ರಸ್ತೆ ದಾಟುತ್ತಾರೆ. ಇವಳು ಏನೂ ಕೇಳಲಿಲ್ಲ. ನೀನು ಹೋದ ವಾರ ಪುಟ್ಟಿಯ ಬಟ್ಟೆಗಳನ್ನು ಮಡಚಿ ಪೆಟ್ಟಿಗೆಗೆ ಹಾಕಿದಳು. ಈಗ ಪೂಜೆಗೆ ನನಗಿಂತ ಮೊದಲೇ ತಯಾರಾಗುತ್ತಾಳೆ. ಅಡುಗೆ, ಮನೆ, ಎಲ್ಲ ಅಚ್ಚುಕಟ್ಟು. “ಎಷ್ಟು ಸುಧಾರಿಸಿದಾರೆ ನೋಡಿ ನಿಮ್ಮನೆಯವರು” ಎನ್ನುತ್ತಾರೆ ಟೀಚರಮ್ಮ. ಅವರು ಕೆಟ್ಟವರಲ್ಲ. ಇವಳಿಗೆ ಮೈ ಹುಷಾರಿಲ್ಲದಾಗ ಎರಡು ದಿನ ಅನ್ನ ಬೇಯಿಸಿ ತಂದುಕೊಟ್ಟರು.

ನಿನ್ನನ್ನು ವಾಪಸ್ ಕಳಿಸಿ ಎಂದು ಬಿಷಪರಿಗೆ ಬರೆದೆ. ‘ವಿಷಯ ಮುಗಿದಿದೆ’ ಎಂದು ಎರಡು ಸಾಲಿನ ಉತ್ತರ ಬಂತು. ಹೌದು, ಮುಗಿದಿದೆ.

ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಿದರೆ ನೀನು ಕ್ಷಮಿಸಿಬಿಡುತ್ತೀಯ. ಮಂಡಿಗೆ ಬಿಸಿನೀರಿನ ಶಾಖ ಕೊಡು. ಆ ಹನ್ನೊಂದು ಮುದುಕರ ನಡುವೆ ನಿನ್ನ ನಗು ಹಾಗೇ ಉಳಿಯಲಿ, ನಿನ್ನ ದಿನಗಳು ಹಗುರವಾಗಿರಲಿ. ನಿನ್ನನ್ನು ಹರಸಲು ನಾನು ಯಾರೂ ಅಲ್ಲ, ಆದರೂ ಹರಸುತ್ತೇನೆ.

ನಿನ್ನ ಬೆಂಚಿನ ಜೊತೆಗಾರ,
ಬೈಂಡರ್

ತಾ.ಕ. ಹೆದರಿಕೆಯಾಯಿತು ಎಂದು ಬರೆದೆನಲ್ಲ, ಯಾತಕ್ಕೆ ಎಂದು ಬರೆಯದೆ ಲಕೋಟೆ ಮುಚ್ಚಲು ಹೊರಟಿದ್ದೆ. ಸಿನಿಮಾ ನೋಡಿ ಮನೆಗೆ ನಡೆದು ಬರುವಾಗ ಔಷಧದಂಗಡಿಯ ಹತ್ತಿರ ಇವಳು ನಿಂತಳು. “ಪುಟ್ಟಿ ಹೋದಾಗಿಂದ ನಾನು ಪ್ರಾರ್ಥನೆ ಮಾಡಿಲ್ಲ ಕಣ್ರೀ. ಮಾಡೋಕೆ ಬರ್ತಾ ಇಲ್ಲ. ಸುಮ್ನೆ ತುಟಿ ಆಡಿಸ್ತೀನಿ. ಪಕ್ಕದಲ್ಲಿ ನಿಮ್ಮನ್ನ ನೋಡಿದ್ರೆ ಹೊಟ್ಟೆಕಿಚ್ಚಾಗುತ್ತೆ” ಎಂದಳು. “ಇದನ್ನ ಯಾರ ಮುಂದೂ ಹೇಳ್ಬೇಡ” ಎಂದು ಹೇಳಿ ನಾನು ನಡೆದೆ.

ನಾನೂ ಮಾಡಿಲ್ಲ. ಅವಳು ಯಾವತ್ತು ನಿಲ್ಲಿಸಿದಳೋ ಅವತ್ತಿನಿಂದಲೇ, ಅದೇ ಕಾರಿಡಾರಿನಿಂದಲೇ. ‘ನಾನೂ’ ಎಂಬ ಒಂದೇ ಮಾತು ಸಾಕಿತ್ತು, ಬಾಯಿಗೆ ಬರಲಿಲ್ಲ. ಅವಳು ನಿನ್ನ ಜೊತೆ ಮಾತಾಡುತ್ತಾ ಹೋದರೆ ಒಂದು ದಿನ ನನ್ನದೂ ಹೊರಬೀಳುತ್ತದೆ ಎಂದು ನಿನ್ನನ್ನು ಊರು ಬಿಡಿಸಿದೆ.

ನಿನ್ನೆ ಪೂಜೆ ಮುಗಿಸಿ ಬಂದ ಮೇಲೆ ಧೈರ್ಯ ಮಾಡಿದೆ. ಅಡುಗೆಮನೆಯ ಬಾಗಿಲಲ್ಲಿ ನಿಂತು, “ಅವತ್ತು ನೀನು ಹೇಳಿದ್ದೆಯಲ್ಲ, ಪ್ರಾರ್ಥನೆಯ ಮಾತು, ನಾನೂ” ಎಂದು ಶುರು ಮಾಡಿದೆ. ಅವಳು ಒದ್ದೆ ಕೈಯನ್ನು ನನ್ನ ತೋಳಿನ ಮೇಲಿಟ್ಟಳು. “ಅದೆಲ್ಲ ಈಗ ಬೇಡ, ಬಿಡಿ” ಎಂದಳು. “ನೀವು ಪುಟ್ಟಿಗೋಸ್ಕರ ಪ್ರಾರ್ಥನೆ ಮಾಡ್ತಾ ಇದೀರಲ್ಲ, ಅಷ್ಟು ಸಾಕು ನನಗೆ. ಅದೊಂದನ್ನ ನಂಬ್ಕೊಂಡೇ ನಾನು ಬೆಳಿಗ್ಗೆ ಏಳ್ತಾ ಇರೋದು. ನಿಲ್ಲಿಸಬೇಡಿ.”

ನಿಲ್ಲಿಸಲ್ಲ ಎಂದೆ.