ಬಾವಿಗಿಳಿದ ಇಪ್ಪತ್ತೆರಡು ಜನ

ಎಲ್ ದಿಮ್ಟು, ಮಾರ್ಸಾಬಿಟ್ ಸೀಮೆ
೧೯ ಫೆಬ್ರವರಿ ೨೦೨೩, ಭಾನುವಾರ

ಪ್ರೀತಿಯ ತಮ್ಮ ವಾರಿಯೋ,

ಹೇಗಿದ್ದೀಯಪ್ಪಾ? ದಾಳಿಯಲ್ಲಿ ತೊಡೆಗೆ ಬಿದ್ದ ಗುಂಡಿನ ಗಾಯ ಮಾಯಿತೇ? ಗಡಿಯಾಚೆ ಚಿಕ್ಕಪ್ಪನ ಮನೆಯಲ್ಲಿ ಹೊಟ್ಟೆತುಂಬ ಹಾಲು ಸಿಗುತ್ತಿದೆಯೇ? ನಾವು ಚೆನ್ನಾಗಿದ್ದೇವೆ. ಅಮ್ಮ ಈಗಲೂ ಚಹಾಕ್ಕೆ ಸಕ್ಕರೆ ಸುರಿದುಕೊಂಡು, ಹಲ್ಲು ನೋವೆಂದು ನನ್ನನ್ನೇ ಬೈಯುತ್ತಾಳೆ.

ಐದನೆಯ ಮಳೆಗಾಲವೂ ಕೈಕೊಟ್ಟಿತು. ನಕ್ಷತ್ರ ನೋಡಿ ಮಳೆಯ ದಿನ ಹೇಳುತ್ತಿದ್ದ ಗಲ್ಗಲೋ ತಾತ, "ಆಕಾಶಕ್ಕೂ ನಂಗೂ ಮಾತು ಬಿಟ್ಟೋಗಿದೆ ಕಣೇ" ಎಂದು ಸುಮ್ಮನಾಗಿದ್ದಾನೆ. ನಮ್ಮ ಬಾವಿಯ ನೀರು ಇಳಿದು ಇಳಿದು ಹೂಳಿನಡಿ ಅಡಗಿತು. ಹೂಳೆತ್ತಬೇಕಾದರೆ ತಳದಿಂದ ಮೇಲಿನವರೆಗೆ ಸಾಲಾಗಿ ನಿಂತು ಬಕೆಟ್ ದಾಟಿಸಲು ಇಪ್ಪತ್ತೆರಡು ಜನ ಬೇಕು. ಗಂಡಸರು ಮೇವು ಹುಡುಕಿ ಹೋಗಿದ್ದರು. ಉಳಿದವರು ಒಂಬತ್ತೇ ಮಂದಿ.

ಹೋದ ಸೋಮವಾರ ಬೆಳಗ್ಗೆ ದಕ್ಷಿಣದಲ್ಲಿ ಧೂಳೆದ್ದಿತು. ನಮ್ಮ ಹಳೆಯ ವೈರಿಗಳು, ರೆಂಡಿಲೆ ಕುಲದವರು! ಅವರ ಬಾವಿಗಳೂ ಬತ್ತಿ, ಇನ್ನೂರು ಒಂಟೆ ಹೊಡೆದುಕೊಂಡು ಬಂದೂಕು ಸಮೇತ ಬಂದಿದ್ದರು. ಚುನಾವಣೆಯಲ್ಲಿ ಒಬ್ಬ ದೊಡ್ಡ ಮನುಷ್ಯ ಜೀಪಿನಲ್ಲಿ ಬಂದು, "ನೀರು ನಿಮ್ದು, ಅವರಿಗೆ ಹನಿ ಕೊಡ್ಬೇಡಿ" ಎಂದು ತೋಟಾ ಹಂಚಿದ್ದನಲ್ಲ, ಅವು ಅತ್ತೆಯ ಮಗ ಬೋರುವಿನ ಬಳಿ ಇನ್ನೂ ಇದ್ದವು. ಅವನು ಬಂಡೆಯ ಹಿಂದೆ ಗುರಿ ಹಿಡಿದು ಮಲಗಿಬಿಟ್ಟ. ನಾನು ಖಾಲಿ ಬಕೆಟ್ ಹಿಡಿದು ನಡುವೆ ಹೋಗಿ ನಿಂತೆ. "ನೀರಿದ್ರೆ ತಾನೇ ಕಿತ್ತಾಡೋದು! ಬಂದು ನೋಡ್ರಪ್ಪಾ, ಬರೀ ಕೆಸರು" ಎಂದು ಕೂಗಿದೆ. ಅವರ ಮುಂದಾಳು ಅರ್ಬೆಲೆ ಬಗ್ಗಿ ನೋಡಿ, "ಇದಕ್ಕೇನಕ್ಕಾ ನಾವು ಸಾಯೋಕೆ ಬಂದಿದ್ದು?" ಎಂದ. "ಇಳಿದು ಅಗೀರಿ, ಸಿಕ್ಕಿದ್ದು ಇಬ್ರಿಗೂ" ಎಂದೆ. ಬೋರು ಎದ್ದು ಬಂದು, "ತಲೆ ಕೆಟ್ಟಿದೆಯೇನೇ ನಿಂಗೆ?" ಎಂದು ಹಾರಾಡಿದ. "ಹದಿಮೂರು ಜನ ಕಮ್ಮಿ ಇದ್ದಾರೆ. ಹೋಗು, ಕೆಸರೆತ್ತೋಕೆ ನಿನ್ನ ಜೀಪಿನೋನ್ನ ಕರ್ಕೊಂಡ್ ಬಾ!" ಎಂದೆ. ರೆಂಡಿಲೆ ಹುಡುಗರು ನಕ್ಕೇಬಿಟ್ಟರು. ಬೋರುವಿಗೂ ತಡೆಯಲಾಗಲಿಲ್ಲ.

ಬಂದೂಕು ಹೆಗಲಲ್ಲಿದ್ದರೆ ಬಾವಿಯ ಇಕ್ಕಟ್ಟಿನಲ್ಲಿ ತಿರುಗಲೂ ಆಗದು. ಎಲ್ಲವನ್ನೂ ರಾಶಿ ಹಾಕಿದರು. ಅಮ್ಮ ಪಕ್ಕದಲ್ಲೇ ಚಾಪೆ ಹಾಸಿ ಕಾವಲು ಕೂತಳು. ಅವರು ಅವರ ಹಾಡು, ನಾವು ನಮ್ಮ ಹಾಡು. ಬಕೆಟ್ ಮಾತ್ರ ಒಂದೇ ತಾಳಕ್ಕೆ ಏರುತ್ತಿತ್ತು. ನಾಲ್ಕನೆಯ ದಿನ ಮಧ್ಯಾಹ್ನ ತಳದಿಂದ ಬೋರು ಕಿರುಚಿದ. ನೀರು, ವಾರಿಯೋ! ಮೊಣಕಾಲುದ್ದ ತಣ್ಣನೆಯ ನೀರು! ಒಂಟೆಗಳು ಕುಡಿಯುವ ಸದ್ದು ಕೇಳುತ್ತ ಗಲ್ಗಲೋ ತಾತ ಮಗುವಿನಂತೆ ಅತ್ತ. ಮರುದಿನ ಜೀಪಿನವನು ಬಂದ. ಅಮ್ಮ ಅವನ ಕೈಗೆ ಬಕೆಟ್ ಕೊಟ್ಟು, "ಸಾಲಲ್ಲಿ ನಿಂತ್ಕೋ ಮಗಾ" ಎಂದಳು. ಬಂದ ದಾರಿಯಲ್ಲೇ ಹೋದ.

ಈಗ ಮೂರು ದಿನ ಅವರ ಸರದಿ, ಮೂರು ದಿನ ನಮ್ಮದು. ಸರದಿ ನೋಡಿಕೊಳ್ಳುವ ಹೊಣೆ ನನ್ನದು. "ಹೆಂಗಸಿಗಾ?" ಎಂದನೊಬ್ಬ. "ಬಾವಿಗಿಳಿಯೋವಾಗ ಕೇಳ್ಲಿಲ್ಲ, ಈಗ್ಯಾಕೋ?" ಎಂದು ತಾತ ಬಾಯಿ ಮುಚ್ಚಿಸಿದ.

ಅಮ್ಮ ನಿನ್ನ ತಲೆ ಸವರಿದಂತೆ ಈ ಕಾಗದವನ್ನು ಸವರಿ ಕೊಟ್ಟಿದ್ದಾಳೆ. ಚಿಕ್ಕಪ್ಪನಿಗೆ ನಮಸ್ಕಾರ ಹೇಳು.

ನಿನ್ನ ಅಕ್ಕ,
ದಿರಾಮು

ತಾ. ಕ.: ಕಾಗದ ಒಯ್ಯುವ ಲಾರಿಯವನು ಹಾರ್ನ್ ಹೊಡೆಯುತ್ತಿದ್ದಾನೆ. ನೀನು ಗಾಯಗೊಂಡ ಆ ದಾಳಿಯಲ್ಲಿ ನೀನು ಹೊಡೆದ ಗುಂಡಿಗೆ ಸತ್ತವನು ಅರ್ಬೆಲೆಯ ತಮ್ಮ. ಹೂಳೆತ್ತುವ ಎರಡನೆಯ ದಿನ ನನಗೆ ತಿಳಿಯಿತು. ಮುಚ್ಚಿಡಲಾಗದೆ, ಬಾವಿಯೊಳಗೆ ಅವನ ಪಕ್ಕದಲ್ಲೇ ನಿಂತು, ಕೊಂದವನು ನನ್ನ ತಮ್ಮನೆಂದು ಹೇಳಿಬಿಟ್ಟೆ. ಬಕೆಟ್ ಅವನ ಕೈಯಲ್ಲೇ ನಿಂತಿತು. ಬಹಳ ಹೊತ್ತಾದ ಮೇಲೆ ದಾಟಿಸಿದ. ನಿನ್ನೆ ಎರಡೂ ಕಡೆಯ ಹಿರಿಯರ ಮುಂದೆ ಹೇಳಿದ: "ಅವನು ಬರ್ಲಿ. ನನ್ ತಮ್ಮನ ಜಾಗದಲ್ಲಿ ನಿಂತು ನಮ್ಮ ಒಂಟೆಗೆ ನೀರೆತ್ತಲಿ. ನಾನು ಕೈ ಮಾಡಲ್ಲ." ಎಲ್ಲರೂ ಒಪ್ಪಿದ್ದಾರೆ. ಬಂದೂಕು ಅಲ್ಲೇ ಬಿಟ್ಟು ಇದೇ ಲಾರಿ ಹತ್ತಿ ಬಾ.